ಇಳಿತದ ಉಸಿರು

ಎದೆಯೊಳಗೆ ಕೂತ ಲೋಹದ ಪಟ್ಟಿಯೊಂದು ಉಸಿರಾಡುವುದನ್ನು ಕಲಿತುಕೊಂಡರೆ? ಕಲಿತದ್ದನ್ನು ಇನ್ನೊಬ್ಬರ ಎದೆಯಲ್ಲಿರುವ ಪಟ್ಟಿಗೂ ಹೇಳಿಕೊಟ್ಟರೆ? ಹುಬ್ಬಳ್ಳಿಯ ಎದೆಗೂಡು ಕೇಂದ್ರದವರು ಹೀಗೆ ಯೋಚಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಉಮಾ ಕೂಡ ತಟ್ಟಿದ್ದಳು, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

ಕೆಲವರಿಗೆ ಹುಟ್ಟಿನಿಂದಲೇ ಎದೆಯ ನಡುವಿನ ಮೂಳೆ ಒಳಕ್ಕೆ ಕುಸಿದಿರುತ್ತದೆ. ಮಕ್ಕಳು ಬೆಳೆದಂತೆ ಆ ತಗ್ಗೂ ಬೆಳೆಯುತ್ತದೆ. ಮೂಳೆ ಹೃದಯವನ್ನು ಪಕ್ಕಕ್ಕೆ ದೂಡುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಏದುಸಿರಿಗಿಂತ ಹೆಚ್ಚು ಕಾಡುವುದು ನಾಚಿಕೆ. ಹಿಂದೆ ಇದಕ್ಕೆ ಬಾಗಿಸಿದ ಉಕ್ಕಿನ ಪಟ್ಟಿಯನ್ನು ಪಕ್ಕೆಲುಬಿನ ಸಂದಿಯಿಂದ ತೂರಿಸಿ, ಮೂಳೆಯ ಕೆಳಗೆ ಮಗುಚಿ, ತಗ್ಗನ್ನು ಮೇಲೆತ್ತುತ್ತಿದ್ದರು. ಎರಡು ಮೂರು ವರ್ಷ ಬಿಟ್ಟು ಮೂಳೆ ಗಟ್ಟಿಯಾದ ಮೇಲೆ ಪಟ್ಟಿಯನ್ನು ತೆಗೆಯುತ್ತಿದ್ದರು. ಆದರೆ ಉಕ್ಕು ಉಕ್ಕೇ. ಉಸಿರಿನ ಜೊತೆ ಅದು ಏಳುವುದಿಲ್ಲ, ಇಳಿಯುವುದಿಲ್ಲ.

ಹೊಸ ಪಟ್ಟಿ ಹಾಗಲ್ಲ. ಅದು ಉಸಿರಿನ ಜೊತೆ ಬಾಗುತ್ತಿತ್ತು, ಎದೆಯ ಅಲುಗಾಟದಿಂದಲೇ ತನಗೆ ಬೇಕಾದ ಶಕ್ತಿಯನ್ನು ತೆಗೆದುಕೊಳ್ಳುತ್ತಿತ್ತು. ಮೊದಲ ತಿಂಗಳು ರೋಗಿಯ ಉಸಿರನ್ನು ಕಲಿತು, ಆಮೇಲೆ ತಾನೇ ಎದೆಯನ್ನು ಮೆಲ್ಲಗೆ ಎತ್ತಿ ನೆರವಾಗುತ್ತಿತ್ತು. ಎಲ್ಲ ಪಟ್ಟಿಗಳೂ ಕೇಂದ್ರದ ಮೂಲಕ ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಯಾರ ಎದೆಯಲ್ಲಿ ಉಸಿರು ಎಲ್ಲಕ್ಕಿಂತ ದೀರ್ಘವೂ ಶಾಂತವೂ ಆಗಿದೆಯೋ ಆ ಪಾಠ ಎಲ್ಲರಿಗೂ ಹೋಗಬೇಕು ಎನ್ನುವುದು ಏರ್ಪಾಡು. ಕಿಡಿಗೇಡಿಗಳು ಯಾರದಾದರೂ ಉಸಿರನ್ನು ನಿಲ್ಲಿಸಿಬಿಟ್ಟಾರು ಎಂಬ ಹೆದರಿಕೆಯಿಂದ ಪಟ್ಟಿಗೆ ನಿಲ್ಲಿಸುವ ಗುಂಡಿಯನ್ನೇ ಇಟ್ಟಿರಲಿಲ್ಲ. ಬುದ್ಧಿವಂತರ ಕೆಲಸ ನೋಡಿ.

ಶಸ್ತ್ರಕ್ರಿಯೆಗೆ ಮುಂಚೆ ರೋಗಿಗಳಿಗೆ ತಿಳಿದಿರಬೇಕಾದದ್ದನ್ನೆಲ್ಲ ತಿಳಿಸಿ ಹೇಳುವುದು ಉಮಾಳ ಕೆಲಸ. ಡಾಕ್ಟರು ನಿಂತ ನಿಲುವಿನಲ್ಲಿ ಹೇಳಿ ಹೋದದ್ದನ್ನು ಅವಳು ಚಹಾ ತರಿಸಿ, ಕೂತು, ಬಿಡಿಸಿ ಹೇಳುತ್ತಿದ್ದಳು.

"ನೋವು ಇರ್ತೈತಿ. ಇಲ್ಲಂತ ಯಾರರ ಅಂದ್ರ ನಂಬಬ್ಯಾಡ್ರಿ. ಮೊದಲ ವಾರ ನಗಾಕೂ ಆಗಂಗಿಲ್ಲ, ಸೀನು ಬಂದ್ರಂತೂ ದೇವರು ಕಾಣ್ತಾನ. ಪಟ್ಟಿ ಜಾರೂದುಂಟು, ಅದಕ್ಕ ಮೈ ತಿರುವಬ್ಯಾಡ್ರಿ, ಮಗ್ಗಲಾಗಿ ಮಲಗಬ್ಯಾಡ್ರಿ, ಕೊಡ ಎತ್ತಬ್ಯಾಡ್ರಿ. ಮೊದಲ ತಿಂಗಳು ಅದು ನಿಮ್ಮನ್ನ ನೋಡಿ ಕಲೀತೈತಿ. ನೀವು ಹೆಂಗ ಉಸಿರಾಡ್ತೀರಿ, ಅದೂ ಹಂಗ."

ಹೀಗೆ ಹೇಳಿಸಿಕೊಂಡವರಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆಯಿಂದ ಬಂದ ಯಮುನಾ ಎಂಬ ಅಂಬಿಗರ ಹುಡುಗಿಯೂ ಒಬ್ಬಳು. ಜೊತೆಗೆ ಅವಳ ತಾಯಿ ಹೊನ್ನಮ್ಮ, ನದಿಯಲ್ಲಿ ಮುಳುಗಿ ಕಪ್ಪೆಚಿಪ್ಪು ತೆಗೆಯುವವಳು. ಉಪ್ಪುನೀರಿಗೆ ಕಣ್ಣು ಕೆಂಪಾಗಿಯೇ ಉಳಿದುಬಿಟ್ಟಿದ್ದವು.

"ಅಕ್ಕಾ, ನೀರಿಗೆ ಇಳೀಬಹುದಾ?" ಎಂದು ಯಮುನಾ ಕೇಳಿದಳು.

"ಮೊಣಕಾಲ ಮಟ್ಟ ನೀರಿಗೂ ಇಳಿಬ್ಯಾಡವ್ವ."

"ಅವ್ಳು ಇಳೂದಿಲ್ರಾ," ಎಂದಳು ಹೊನ್ನಮ್ಮ. "ದೋಣೀಲಿ ಕೂತಿರ್ತದೆ ಅಷ್ಟೆಯಾ."

"ದೋಣ್ಯಾಗ ಕುಂದರ್ಲಿ. ಗಾಳೀನೂ ಚಲೋ," ಎಂದು ಉಮಾ ನಕ್ಕಿದ್ದಳು.

ಕೆಲವು ತಿಂಗಳ ಮೇಲೆ ಉಮಾಳ ಮಗ ಮಲ್ಲಿನಾಥನಿಗೂ ಪಟ್ಟಿ ಹಾಕಿದರು. ಮಲ್ಲುವಿನ ಎದೆಯ ತಗ್ಗು ಎಷ್ಟಿತ್ತೆಂದರೆ, ಚಿಕ್ಕವನಿದ್ದಾಗ ಎಣ್ಣೆ ಹಚ್ಚಿ ಎರೆಯುವಾಗ ಅದರಲ್ಲಿ ನೀರು ನಿಲ್ಲುತ್ತಿತ್ತು. ಅವನು ಅದನ್ನು ಕೆರೆ ಎಂದು ಕರೆದು ಕೈಯಿಂದ ಚಿಮ್ಮಿಸಿ ನಗುತ್ತಿದ್ದ. ಕಾಲೇಜಿಗೆ ಬರುವಷ್ಟರಲ್ಲಿ ಆ ನಗು ಹೋಗಿ, ತಾಯಿಯ ಎದುರೂ ಅಂಗಿ ತೆಗೆಯುವುದನ್ನು ನಿಲ್ಲಿಸಿದ್ದ. ಗಂಡ ತೀರಿಕೊಂಡ ಮೇಲೆ ಉಮಾಳಿಗೆ ಇದ್ದವನು ಅವನೊಬ್ಬನೇ. ಪಟ್ಟಿ ಹಾಕಿದ ಮೇಲೆ ಕನ್ನಡಿಯ ಮುಂದೆ ಬನಿಯನ್ನಿನಲ್ಲಿ ನಿಂತಿದ್ದ ಮಗನನ್ನು ಬಾಗಿಲ ಸಂದಿಯಿಂದ ನೋಡಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಒಂದು ಭಾನುವಾರ ಅವರಿಬ್ಬರೂ ಊಟಕ್ಕೆ ಕೂತಿದ್ದರು. ಉಮಾ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತಿದ್ದಳು.

"ಅವ್ವಾ, ಮುಂದಿನ ತಿಂಗಳು ನಮ್ಮ ಕಾಲೇಜಿನವರು ಜೋಗಕ್ಕ..." ಎಂದವನು ಅಲ್ಲಿಗೇ ನಿಂತ.

ರೊಟ್ಟಿಯ ಚೂರು ಹಿಡಿದ ಕೈ ಬಾಯಿಯ ಹತ್ತಿರ ಹಾಗೇ ಇತ್ತು. ಎದೆ ತುಂಬಿ ಮೇಲೆದ್ದು ಅಲುಗಾಡದೆ ನಿಂತಿತ್ತು. ಕಣ್ಣು ತೆರೆದೇ ಇದ್ದವು, ಮುಖದಲ್ಲಿ ಗಾಬರಿಯಿರಲಿಲ್ಲ. ಒಳಗಿನ ಕೋಣೆಯಿಂದ ಯಾರೋ ಬರುತ್ತಾರೆಂದು ಕಿವಿಗೊಟ್ಟು ಕಾಯುವವರ ಹಾಗೆ ಅವನು ಕೂತಿದ್ದ.

"ಏ, ಸಾಕು ನಿನ್ನ ನಾಟಕ. ತಿನ್ನು," ಎಂದಳು ಉಮಾ.

ಅವನು ಕೇಳಿಸಿಕೊಳ್ಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅವಳು ಭುಜ ಹಿಡಿದು ಅಲ್ಲಾಡಿಸಿದಳು, ಎದೆಯ ಮೇಲೆ ಕೈಯಿಟ್ಟಳು. ಹಲಗೆ ಮುಟ್ಟಿದಂತಿತ್ತು. ಅವಳು ಕಿರುಚಬೇಕು ಅನ್ನುವಷ್ಟರಲ್ಲಿ ಅವನ ಬಾಯಿಂದ ಉಸಿರು ಸದ್ದು ಮಾಡಿಕೊಂಡು ಹೊರಬಂತು.

"...ಹೊಂಟಾರ. ಹೋಗಲೇನು?" ಎಂದು ಮಲ್ಲು ಕೇಳಿ ರೊಟ್ಟಿ ಬಾಯಿಗಿಟ್ಟ. "ಯಾಕವ್ವಾ? ಹಿಂಗ್ಯಾಕ ನೋಡಾಕತ್ತಿ?"

"ನೀ ಉಸಿರು ಕಟ್ಟಿದ್ದೆಲ್ಲೋ!"

"ನಾನೆಲ್ಲಿ ಕಟ್ಟಿದೆ? ಮಾತಾಡಾಕತ್ತಿದ್ದೆನಲ್ಲ."

ಊಟ ಮುಗಿಯುವಷ್ಟರಲ್ಲಿ ಅದು ಇನ್ನೂ ಮೂರು ಸಲ ಆಯಿತು.

ಮರುದಿನ ಕೇಂದ್ರದ ನಿಗಾ ಕೋಣೆಗೆ ಹೋದರೆ ಅಲ್ಲಿ ಇನಾಮದಾರ ಬೆಳಗಿನಿಂದ ತಿಂಡಿಯನ್ನೂ ಮುಟ್ಟದೆ ಕೂತಿದ್ದ. ಪಟ್ಟಿಯನ್ನು ರೂಪಿಸಿದ ಎಂಜಿನಿಯರು ಅವನೇ. ಗೋಡೆಯ ತುಂಬ ಪರದೆ, ಪರದೆಯ ತುಂಬ ಉಸಿರಿನ ಗೆರೆಗಳು. ಮುನ್ನೂರಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನಲ್ಲಿ ತಮ್ಮ ಪಾಡಿಗೆ ಉಸಿರಾಡುತ್ತಿದ್ದರು. ಒಂದೊಂದು ಗೆರೆಯೂ ತನಗೆ ಬೇಕಾದಂತೆ ಏರಿಳಿಯುತ್ತಿತ್ತು.

"ಮಲ್ಲು ಒಬ್ಬನದಽ ಅಲ್ಲ ಉಮಕ್ಕ. ನೋಡ್ತಾ ಇರ್ರಿ," ಎಂದ ಇನಾಮದಾರ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೆರೆಗಳೂ ಮೇಲೇರಿದವು, ಒಟ್ಟಿಗೆ. ಏರಿ ನೆಟ್ಟಗೆ ನಿಂತವು. ಕೋಣೆಯಲ್ಲಿ ಯಂತ್ರಗಳ ಗುಂಯ್ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೂಲೆಯ ಮೇಜಿನ ಮೇಲೆ ಪರೀಕ್ಷೆಗೆಂದು ರಬ್ಬರಿನ ಎದೆಗೂಡಿನೊಳಗೆ ಕೂರಿಸಿದ್ದ ಪಟ್ಟಿಯೊಂದಿತ್ತು. ಯಾರ ಜೀವವೂ ಇಲ್ಲದ ಆ ರಬ್ಬರಿನ ಎದೆಯೂ ಉಬ್ಬಿ ನಿಂತಿತ್ತು. ಆಮೇಲೆ ಎಲ್ಲವೂ ಒಂದೇ ಸಲಕ್ಕೆ ಇಳಿದವು. ಮೇಜಿನಿಂದಲೂ ಒಂದು ನಿಟ್ಟುಸಿರು ಬಂತು.

ದೂರುಗಳು ಬರತೊಡಗಿದವು. ವಿಜಯಪುರದಲ್ಲಿ ಮೇಷ್ಟ್ರೊಬ್ಬರು ಕರಿಹಲಗೆಗೆ ಸೀಮೆಸುಣ್ಣ ಒತ್ತಿಕೊಂಡು ನಿಂತುಬಿಟ್ಟಿದ್ದರು, ಮಕ್ಕಳು ಮೊದಲು ನಕ್ಕು ಆಮೇಲೆ ಅತ್ತಿದ್ದರು. ಹಾವೇರಿ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡಲು ಕೈಚಾಚಿ ಹಾಗೇ ಉಳಿದಿದ್ದ. ಯಾರಿಗೂ ತಮಗೇನೋ ಆಯಿತೆಂಬ ಅರಿವೇ ಇರಲಿಲ್ಲ. ಹೆದರಿದವರೆಲ್ಲ ಪಕ್ಕದಲ್ಲಿ ನಿಂತು ನೋಡಿದವರು. ಪಟ್ಟಿ ಒಳಗಿನ ಗಾಳಿಯನ್ನೇ ಮೆಲ್ಲಗೆ ಕಲಕುತ್ತ, ಉಸಿರು ಬೇಕೆನ್ನುವ ತಹತಹವನ್ನೇ ಮರೆಸುತ್ತಿದೆ ಎಂದು ಇನಾಮದಾರ ವಿವರಿಸಿದ. ದಿನದಿಂದ ದಿನಕ್ಕೆ ಆ ನಿಲುಗಡೆ ಉದ್ದವಾಗುತ್ತಿತ್ತು.

"ಎಲ್ಲಾ ಪಟ್ಟಿಗಳ ಸಂಪರ್ಕ ಕಡಿದು ಹಾಕ್ರಿ ಮತ್ತ!" ಎಂದು ಉಮಾ ರೇಗಿದಳು.

ಅವನು ರಬ್ಬರಿನ ಎದೆಯ ಪಟ್ಟಿಯ ಸಂಪರ್ಕ ಕಡಿದು ತೋರಿಸಿದ. ಹೊತ್ತು ಬಂದಾಗ ಅದೂ ಉಳಿದವುಗಳ ಹಾಗೆ ಉಬ್ಬಿತು. ಉಳಿದವು ಇಳಿದವು, ಅದು ಇಳಿಯಲಿಲ್ಲ. ಸಂಜೆಯಾದರೂ ಇಳಿಯಲಿಲ್ಲ. "ಉಸಿರು ಹಿಡಿಯೂದನ್ನ ಇವು ಕಲ್ತಾವ. ಬಿಡೂದಕ್ಕ ಮಾತ್ರ ಯಾರದೋ ಅಪ್ಪಣಿ ಕಾಯ್ತಾವ. ಆ ಅಪ್ಪಣಿ ಸಂಪರ್ಕದಿಂದನಽ ಬರ್ತೈತಿ. ನಾ ಕಳಿಸಿದ ಅಪ್ಪಣಿ ಅವು ಕೇಳಂಗಿಲ್ಲ," ಎಂದ. ಕಡಿದರೆ ಮುನ್ನೂರು ಜನ ಉಸಿರು ಹಿಡಿದೇ ಸಾಯುತ್ತಾರೆ.

ಮುಂದಿನ ವಾರ ಅಪ್ಪಣೆ ತಡವಾಯಿತು. ಉಮಾ ಮನೆಯಲ್ಲಿ ಮಲ್ಲುವಿನ ಎದುರೇ ಇದ್ದಳು. ಅವನ ತುಟಿ ನೀಲಿಗಟ್ಟುವುದನ್ನು ನೋಡುತ್ತ ಬಾಯಿಗೆ ಬಾಯಿಟ್ಟು ಊದಿದಳು. ಗಾಳಿ ಒಳಗೆ ಹೋಗಲೊಲ್ಲದು. ಎದೆಗೆ ಗುದ್ದಿದಳು, ಬೈದಳು, ಮನೆದೇವರನ್ನು ಕೂಗಿದಳು. ಮಗ ಮಾತ್ರ ಅದೇ ಶಾಂತ ಮುಖದಲ್ಲಿ ಯಾರನ್ನೋ ಕಾಯುತ್ತಿದ್ದ. ಕೊನೆಗೆ ಉಸಿರು ಬಂದಾಗ ಅವಳು ಅವನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟಳು. ಬಳ್ಳಾರಿಯ ಚಂದ್ರಕಲಾ ಎಂಬ ಹುಡುಗಿಗೆ ಆ ಉಸಿರು ಬರಲಿಲ್ಲ. ಉಮಾ ಚಹಾ ತರಿಸಿ, ಧೈರ್ಯ ಹೇಳಿ ಒಳಗೆ ಕಳಿಸಿದ್ದ ಹುಡುಗಿ ಅದು.

ಚಂದ್ರಕಲಾಳ ಮಣ್ಣಿಗೆ ಹೋಗಿ ಬಂದ ದಿನ ಉಮಾ ಪರದೆಯ ಮುಂದೆ ಕೂತು ಹಳೆಯ ಗೆರೆಗಳನ್ನೆಲ್ಲ ಹಾಕಿಸಿ ನೋಡಿದಳು. ನಿಲುಗಡೆ ದಿನಾ ಒಂದೇ ಹೊತ್ತಿಗೆ ಬರುತ್ತಿರಲಿಲ್ಲ, ನಿನ್ನೆಗಿಂತ ಇಂದು ಮುಕ್ಕಾಲು ಗಂಟೆಯಷ್ಟು ತಡವಾಗಿ ಬರುತ್ತಿತ್ತು.

"ದಿನಾ ಹಿಂಗ ತಡಾ ಆಗೂದು ಯಾವುದ್ರೀ?" ಎಂದಳು.

"ಚಂದ್ರ," ಎಂದ ಇನಾಮದಾರ. ಹೇಳಿದ ಮೇಲೆ ಅವನೇ ಬೆಚ್ಚಿ ಅವಳ ಮುಖ ನೋಡಿದ. ಚಂದ್ರನೆಂದರೆ ಸಮುದ್ರದ ಉಬ್ಬರ, ಇಳಿತ. ಬಯಲುಸೀಮೆಯ ಮುನ್ನೂರು ಜನರ ನಡುವೆ ಸಮುದ್ರದ ಬಾಯಲ್ಲಿ ಮನೆಯಿದ್ದವಳು ಒಬ್ಬಳೇ, ಯಮುನಾ.

ಮಲ್ಲುವನ್ನು ಇನಾಮದಾರನ ಕಣ್ಣೆದುರು ನಿಗಾ ಕೋಣೆಯಲ್ಲೇ ಮಲಗಿಸಿ ಉಮಾ ಘಟ್ಟ ಇಳಿದಳು. ಹೊನ್ನಮ್ಮನ ಮನೆ ನದಿಯ ದಂಡೆಗೇ ಇತ್ತು. ಅಂಗಳದಲ್ಲಿ ಖಾಲಿ ಚಿಪ್ಪಿನ ರಾಶಿ, ಅದರಾಚೆ ಕಟ್ಟಿದ ದೋಣಿ. ತಾಯಿ ಮಗಳಿಬ್ಬರೂ ಹೊರಡುವುದರಲ್ಲಿದ್ದರು. ಇಳಿತ ಶುರುವಾಗಿತ್ತು. ಉಮಾ ಬಂದ ಕಾರಣವನ್ನು ಕೇಳಿದ ಹೊನ್ನಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

"ದೋಣಿ ಹತ್ತಿ ಕೂರ್ರಾ. ನೋಡ್ದ್ರೆ ನಿಮ್ಗೇ ತಿಳೀತದೆ," ಎಂದಳು.

ಅಲ್ಲಿನ ಪದ್ಧತಿ ಹೀಗೆ. ಮುಳುಗುವವಳ ಸೊಂಟಕ್ಕೆ ಹಗ್ಗ, ಅದರ ಇನ್ನೊಂದು ತುದಿ ದೋಣಿಯಲ್ಲಿ ಕೂತವಳ ಕೈಯಲ್ಲಿ. ಮುಳುಗಿದವಳಿಗೆ ಚಿಪ್ಪಿನ ಆಸೆಯಲ್ಲಿ ಹೊತ್ತು ತಿಳಿಯುವುದಿಲ್ಲ. ಅದಕ್ಕೆ ದೋಣಿಯಲ್ಲಿದ್ದವಳೂ ಅವಳ ಜೊತೆಗೇ ಉಸಿರು ಹಿಡಿಯುತ್ತಾಳೆ. ತನಗೆ ತಡೆಯಲಾರೆ ಅನ್ನಿಸಿದಾಗ ಹಗ್ಗ ಜಗ್ಗುತ್ತಾಳೆ. ಕೆಳಗಿದ್ದವಳು ಮೇಲೆ ಬರುತ್ತಾಳೆ, ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಾರೆ. ತಲೆಮಾರುಗಳಿಂದ ನಡೆದು ಬಂದದ್ದು ಇದೇ.

"ನಂಗೆ ಮೊದ್ಲು ಆಗ್ತಿರ್ಲಿಲ್ಲ ಅಕ್ಕಾ," ಎಂದಳು ಯಮುನಾ. "ಅವ್ವಿ ಮುಳುಗಿ ಕೈ ಹಾಕೂದ್ರೊಳ್ಗೆ ನಂಗೆ ದಮ್ಮು ಕಟ್ತಿತ್ತು, ಜಗ್ತಿದ್ದೆ. ಖಾಲಿ ಬುಟ್ಟಿ ಹಿಡ್ಕಂಡು ಅವ್ವಿ ಮೇಲೆ ಬರೂದು. ಕೇರಿಯವ್ರೆಲ್ಲ ನಗಾಡೂರು. ಅದ್ಕೇ ಆಪರೇಶನ್ ಮಾಡ್ಸ್ಕಂಡದ್ದು. ನೀವು ನೀರಿಗೆ ಇಳೀಬೇಡ ಅಂದ್ರಿ, ನಾ ಒಂದಿನಾನೂ ಇಳೀಲಿಲ್ಲ. ದೋಣೀಲೇ ಕೂತು ಉಸಿರು ಹಿಡೀತಿದ್ದೆ."

ಆ ಮೊದಲ ತಿಂಗಳು ಪಟ್ಟಿ ಯಮುನಾಳಿಂದ ಕಲಿತದ್ದು ಇದನ್ನು. ಇಳಿತ ಬಂತೆಂದರೆ ಉಸಿರು ಹಿಡಿ, ತಾಯಿ ಮೇಲೆ ಬರುವ ತನಕ ಬಿಡಬೇಡ. ದೀರ್ಘವಾದ ಶಾಂತವಾದ ಉಸಿರೆಂದು ಇದನ್ನೇ ಆರಿಸಿ ಕೇಂದ್ರ ಎಲ್ಲರಿಗೂ ಹಂಚಿತ್ತು. ಘಟ್ಟದ ಮೇಲಿನ ಮುನ್ನೂರು ಜನ ದಿನಾ ಇಳಿತದ ಹೊತ್ತಿಗೆ ತಾವು ಕಂಡರಿಯದ ಒಬ್ಬ ಹೆಂಗಸು ನೀರಿನಿಂದ ತಲೆಯೆತ್ತಲಿ ಎಂದು ಕಾಯುತ್ತಿದ್ದರು.

"ಮೊನ್ನೆ ಜ್ವರ ಬಂದು ನಾ ನದೀಗೆ ಹೋಗ್ಲಿಲ್ಲ," ಎಂದಳು ಹೊನ್ನಮ್ಮ. "ಇಳಿತದ ಹೊತ್ತಿಗೆ ಇದು ಮನೇಲಿ ಕೂತಲ್ಲೇ ಕಲ್ಲಾಗಿ ಹೋಯ್ತು. ಎಂತ ಮಾಡೂದು? ಕಡೇಗೆ ಜ್ವರದಲ್ಲೇ ಓಡಿ ಹೋಗಿ ನೀರಿಗೆ ಬಿದ್ದೆ. ನಾ ಮೇಲೆ ಎದ್ದದ್ದು ನೋಡೇ ಇದು ಉಸಿರು ಬಿಟ್ಟದ್ದು. ಆಮೇಲೆ ನಾ ಒಂದು ಇಳಿತಾನೂ ತಪ್ಸಲಿಲ್ಲ."

ಬಳ್ಳಾರಿಯ ಹುಡುಗಿ ಸತ್ತ ದಿನ ಅದು. ಉಮಾ ಅದನ್ನು ಆಗ ಹೇಳಲಿಲ್ಲ.

ನದಿಯ ನಡುವೆ ದೋಣಿ ನಿಂತಿತು. ನೀರು ಸಮುದ್ರದ ಕಡೆ ಸದ್ದಿಲ್ಲದೆ ಸರಿಯುತ್ತಿತ್ತು. ಹೊನ್ನಮ್ಮ ಸೀರೆಯ ಕಚ್ಚೆ ಬಿಗಿದು, ಬುಟ್ಟಿ ಹಿಡಿದು ಮುಳುಗಿದಳು. ಯಮುನಾಳ ಎದೆ ಮೇಲೆದ್ದು ನಿಂತಿತು. ಉಮಾ ಆ ಮುಖ ನೋಡಿ ಬೇಗ ಕಣ್ಣು ತಿರುಗಿಸಿದಳು. ಮಲ್ಲುವಿನ ಮುಖದಲ್ಲಿ ಕಂಡದ್ದೇ ಇಲ್ಲೂ ಇತ್ತು. ಕಿವಿಗೆ ಹಿಡಿದಿದ್ದ ಫೋನಿನಲ್ಲಿ ಇನಾಮದಾರ, "ನಿಂತ್ರು. ಎಲ್ಲಾರೂ ನಿಂತ್ರು ಉಮಕ್ಕ," ಎಂದ.

ಹೊತ್ತು ಹೋಯಿತು. ನೀರಿನ ಮೇಲೆ ಒಂದೆರಡು ಗುಳ್ಳೆ ಬಂದು ಒಡೆದವು, ಆಮೇಲೆ ಬರಲಿಲ್ಲ. ಹಗ್ಗ ಯಮುನಾಳ ಬೆರಳಿನಲ್ಲಿ ಸಡಿಲವಾಗಿ ಬಿದ್ದಿತ್ತು. ಅವಳು ಜಗ್ಗಲಿಲ್ಲ. ಜಗ್ಗಬೇಕೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ದಮ್ಮು ಕಟ್ಟಿದರಲ್ಲವೇ ಜಗ್ಗುವುದು? ಇಷ್ಟು ದಿನ ಹೊನ್ನಮ್ಮ ಹೇಗೋ ತಾನಾಗಿಯೇ ಮೇಲೆದ್ದು ಬಂದಿರಬೇಕು. ಹುಡುಗಿಯ ಎದೆಯಲ್ಲಿ ಮೊದಲು ಇದ್ದ ಆ ತಗ್ಗು, ಎಲ್ಲರೂ ನಕ್ಕ ಆ ಗಿಡ್ಡ ಉಸಿರು, ತಾಯಿಯನ್ನು ಇಷ್ಟು ವರ್ಷ ಜೀವಂತ ಮೇಲೆ ತಂದಿತ್ತು. ಅದನ್ನು ತಾವು ಸರಿಪಡಿಸಿಬಿಟ್ಟಿದ್ದರು.

ಉಮಾಳ ಕಿವಿಯಲ್ಲಿ ಗುಡುಗಿದಂತಾಯಿತು. ಕಣ್ಣು ಕತ್ತಲಿಟ್ಟಿತು. ಆಗ ಅವಳಿಗೆ ಗೊತ್ತಾಯಿತು, ಹೊನ್ನಮ್ಮ ಮುಳುಗಿದಾಗಿನಿಂದ ತಾನೂ ಉಸಿರು ಹಿಡಿದೇ ಕೂತಿದ್ದೇನೆ ಎಂದು. ಅವಳ ಎದೆಯಲ್ಲಿ ಪಟ್ಟಿಯಿರಲಿಲ್ಲ, ಸಮಾಧಾನ ಹೇಳುವವರಿರಲಿಲ್ಲ. ಅವಳು ಬಾಯಿ ತೆರೆದು ಗಾಳಿ ಎಳೆದುಕೊಂಡು, ಯಮುನಾಳ ಕೈಯಿಂದ ಹಗ್ಗ ಕಿತ್ತುಕೊಂಡು ಎರಡೂ ಕೈಯಲ್ಲಿ ಜಗ್ಗಿದಳು. ಭಾರವಿತ್ತು. ದೋಣಿ ವಾಲಿತು. ಅವಳು ಮತ್ತೆ ಜಗ್ಗಿದಳು, ಮಗನ ಹೆಸರು ಕೂಗುತ್ತ ಜಗ್ಗಿದಳು.

ಹೊನ್ನಮ್ಮನ ತಲೆ ಮೇಲೆ ಬಂತು. ಬಾಯಿ ಮೂಗಿನಿಂದ ನೀರು ಸುರಿಯುತ್ತಿತ್ತು, ಕೆಮ್ಮುತ್ತ ದೋಣಿಯ ಅಂಚು ಹಿಡಿದು ನೇತಾಡಿದಳು. ಅವಳು ಉಸಿರೆಳೆದ ಕೂಡಲೇ ಯಮುನಾಳ ಉಸಿರು ಹೊರಬಂತು. ದೋಣಿಯ ಹಲಗೆಗೆ ಬಿದ್ದ ಫೋನಿನಿಂದ ಇನಾಮದಾರನ ಅಳು ದನಿ ಕೇಳಿತು: "ಬಂತು! ಎಲ್ಲಾರದೂ ಬಂತು. ಮಲ್ಲೂದೂ ಬಂತು. ಎದ್ದು ಕುಂತು ನೀರು ಕೇಳಾಕತ್ತಾನ."

ಯಮುನಾ ತಾಯಿಯನ್ನು ನೋಡಿದಳು, ಉಮಾಳ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು. ಏನಾಯಿತೆಂದು ಅವಳಿಗೆ ಮೆಲ್ಲಗೆ ಅರ್ಥವಾಯಿತು. ತಾಯಿಯನ್ನು ದೋಣಿಗೆ ಎಳೆದುಕೊಂಡು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಅಕ್ಕಾ, ನನ್ನ ಹಳೇ ಎದೆ ವಾಪಸ್ ಕೊಡ್ತ್ರಾ?"

ರೋಗಿಗೆ ತಿಳಿದಿರಬೇಕಾದದ್ದನ್ನು ಬಿಡಿಸಿ ಹೇಳುವುದು ಉಮಾಳ ಕೆಲಸವಾಗಿತ್ತು. ಈಗಲೂ ಹೇಳಲೇಬೇಕಿತ್ತು. ಯಮುನಾಳ ಪಟ್ಟಿಯನ್ನು ಮೊದಲು ತೆಗೆದರೆ ಅಪ್ಪಣೆ ಬರುವ ದಾರಿಯೇ ಮುಚ್ಚುತ್ತದೆ. ಉಳಿದವರದನ್ನೆಲ್ಲ ಒಂದೊಂದಾಗಿ ತೆಗೆಯಬೇಕು. ಮಲ್ಲುವಿನಂಥವರ ಮೂಳೆ ಇನ್ನೂ ಹಸಿ, ಅವರ ಸರದಿ ತಡ. ಸುಳ್ಳು ಹೇಳಿ ಎದ್ದು ಹೋಗಿಬಿಡೋಣ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ತನ್ನ ಮಗನಿಗಾಗಿ ಇನ್ನೊಬ್ಬಳ ತಾಯಿಯನ್ನು ನೀರಿಗಿಳಿಸುವ ಮಾತನ್ನು ಯಾವ ಬಾಯಲ್ಲಿ ಆಡುವುದು? ಆದರೂ ಆಡಿದಳು, ಬಳ್ಳಾರಿಯ ಹುಡುಗಿಯ ಸಂಗತಿಯನ್ನೂ ಮುಚ್ಚಿಡದೆ ಹೇಳಿದಳು.

"ನಿಂದು ಕಡೀಕ ತೆಗೀಬೇಕವ್ವ. ಎಲ್ಲಾರದೂ ಆದ ಮ್ಯಾಲೆ. ಅಲ್ಲೀತನಕ ನಿಮ್ಮವ್ವ..." ಎಂದು ಉಮಾ ನೀರಿನ ಕಡೆ ಕೈ ತೋರಿದಳು.

ಹೊನ್ನಮ್ಮ ಕೂದಲು ಹಿಂಡಿಕೊಂಡಳು. ಬುಟ್ಟಿಯಲ್ಲಿ ತಳ ಮುಚ್ಚುವಷ್ಟು ಚಿಪ್ಪೂ ಇರಲಿಲ್ಲ.

"ಮಳೆ ಹಿಡೂಕಿಂತ ಮೊದ್ಲು ಮುಗ್ಸಿ. ಕೆಂಪು ನೀರು ಬಂದ್ಮೇಲೆ ಇಲ್ಲಿ ಯಾರೂ ಮುಳುಗೂಕಾಗೂದಿಲ್ಲ," ಎಂದಳು ಕೊನೆಗೆ. "ಮತ್ತೆ ಇದ್ರ ಕೈಗೆ ಹಗ್ಗ ಕೊಡೂಕಾಗೂದಿಲ್ಲ. ಇದು ನನ್ನ ಕೊಂದ್ಹಾಕ್ತದೆ, ಪಾಪ, ಅದ್ಕೆ ಗೊತ್ತೂ ಆಗೂದಿಲ್ಲ. ಹಗ್ಗ ಯಾರು ಹಿಡೀತ್ರಾ?"

"ನಾ ಹಿಡೀತೀನ್ರಿ."

"ದಿನಾನೂ?"

"ದಿನಾನೂ."

ನೀರು ಇನ್ನೂ ಇಳಿಯುತ್ತಿತ್ತು, ಪಟ್ಟಿಗಳು ಮತ್ತೆ ಉಸಿರು ಹಿಡಿಯುವ ಹೊತ್ತಾಗಿತ್ತು. ಹೊನ್ನಮ್ಮ ಸೊಂಟದ ಗಂಟನ್ನು ಎಳೆದು ನೋಡಿದಳು.

"ನಿಮ್ಮ ಮಗನ ಹೆಸ್ರು ಎಂತದ್ರಾ?"

"ಮಲ್ಲಿನಾಥ."

"ಆ ಬಳ್ಳಾರಿ ಹುಡ್ಗೀದು?"

"ಚಂದ್ರಕಲಾ."

ಹೊನ್ನಮ್ಮ ಎರಡೂ ಹೆಸರನ್ನು ತನ್ನಷ್ಟಕ್ಕೇ ಒಮ್ಮೆ ಹೇಳಿಕೊಂಡಳು. ಮಗಳ ತಲೆ ಸವರಿ, ಬುಟ್ಟಿ ತೆಗೆದುಕೊಂಡು ಮುಳುಗಿದಳು. ಯಮುನಾಳ ಎದೆ ಎದ್ದು ನಿಂತಿತು. ಉಮಾ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಉಸಿರೆಳೆದು ಬಾಯಿ ಮುಚ್ಚಿದಳು.